ರೀಲಿನ ಮೇಲೆ ಕಬ್ಬಿಣ ಕಾಯಿಸಿದವರು

ಅವರು ದೊಡ್ಡ ದೈವಭಕ್ತರಾಗಿದ್ದರಂತೆ. ಕಳೆದ ಭಾನುವಾರ ಭದ್ರಾವತಿಯ ಕ್ಲಬ್ಬಿನ ಹಾಲಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಅದನ್ನೇ ಹೇಳಿದರು. ಕನಸಿನಲ್ಲಿ ಜ್ಯೋತಿ ಕಂಡಿತಂತೆ, ಕಂಡದ್ದನ್ನು ಸಿನಿಮಾ ರೀಲಿನ ಮೇಲೆ ಕೈಯಿಂದಲೇ ಬಿಡಿಸಿದರಂತೆ, ಆ ರೀಲು ಓಡಿದ ಕಡೆಯೆಲ್ಲ ಜನ ಎದ್ದು ನಿಂತು ಕೈ ಮುಗಿದರಂತೆ. ಕೈಯಿಂದ ಬಿಡಿಸಿದ್ದೂ ಜನ ಕೈ ಮುಗಿದದ್ದೂ ನಿಜ. ಉಳಿದದ್ದಕ್ಕೆ ನನ್ನ ಆಕ್ಷೇಪಣೆಯಿದೆ. ಅದನ್ನು ಸಭೆಯಲ್ಲೇ ಹೇಳೋಣವೆಂದು ಎದ್ದರೆ ಅಧ್ಯಕ್ಷರು, "ಇದು ಚರ್ಚಾಸ್ಪರ್ಧೆ ಅಲ್ಲಪ್ಪ, ಕೂತ್ಕೊ" ಎಂದರು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ವಾದದ ಚಟಕ್ಕೆ ಎತ್ತಿದ ಮಾತು ಎನ್ನಬೇಡಿ. ಸಭೆಯ ಕೊನೆಯಲ್ಲಿ ಟೆಂಟ್ ಸಿನಿಮಾದ ಸಾಹುಕಾರರು ಎದ್ದು, ಇನ್ನು ಮೇಲೆ ಆ ರೀಲನ್ನು ಓಡಿಸುವುದಿಲ್ಲ, ಡಬ್ಬಿಗೆ ಕುಂಕುಮ ಹಚ್ಚಿ ನಮ್ಮ ಮನೆಯ ದೇವರ ಗೂಡಿನಲ್ಲಿ ಇಡುತ್ತೇವೆ ಎಂದರು. ಚಪ್ಪಾಳೆ ಬಿತ್ತು. ಅವರ ಕೆಲಸ ಅಂತ ಈ ಲೋಕದಲ್ಲಿ ಉಳಿದಿರುವುದು ಅದೊಂದೇ ರೀಲು. ಕೈಯಲ್ಲಿ ಬಿಡಿಸಿದ್ದಾದ್ದರಿಂದ ಅದಕ್ಕೆ ಎರಡನೆಯ ಪ್ರತಿ ಇಲ್ಲ. ಹಾಗಾಗಿ ಅವರು ಎಂಥವರಾಗಿದ್ದರು ಅನ್ನುವುದು ಈಗ ಇತ್ಯರ್ಥವಾಗಲೇಬೇಕು. ಭಕ್ತರಾಗಿದ್ದರೆ ರೀಲು ಗೂಡಿಗೆ, ಅಲ್ಲವಾದರೆ ಪರದೆಗೆ.

ನಾನು ಅವರನ್ನು ಮೊದಲು ಕಂಡದ್ದೂ ಅದೇ ಹಾಲಿನಲ್ಲಿ. ಆಗ ನಾನು ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಕಾಲೇಜಿನ ಚರ್ಚಾಕೂಟದ ಪರವಾಗಿ ರೈಲು ಹತ್ತಿ ಭದ್ರಾವತಿಗೆ ಬಂದು, 'ಸಿನಿಮಾದಿಂದ ಸಮಾಜಕ್ಕೆ ಕೇಡು' ಎಂದು ವಾದಿಸಿ ಬಹುಮಾನ ಗೆದ್ದಿದ್ದೆ. ಸಭೆ ಮುಗಿದ ಮೇಲೆ ತೆಳ್ಳಗಿನ ಒಬ್ಬರು ಹತ್ತಿರ ಬಂದರು. ಕಬ್ಬಿಣದ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಯಂತ್ರಗಳ ನಕ್ಷೆ ಬರೆಯುವವರು ಎಂದು ಆಮೇಲೆ ತಿಳಿಯಿತು. ಆಗ ಕಂಡದ್ದು ಅಂಗಿಯ ತೋಳಿನ ಮೇಲಿದ್ದ ಮಸಿಯ ಕಲೆ.

"ಚೆನ್ನಾಗಿ ಮಾತಾಡಿದಿರಿ ವಕೀಲರೇ."

"ನಾನು ವಕೀಲನಲ್ಲ ಸಾರ್."

"ಆಗ್ತೀರಿ ಬಿಡಿ. ಬೇರೆ ಏನಾಗೋಕೂ ನಿಮ್ಮ ಬಾಯಿ ಬಿಡೋಲ್ಲ. ಅಂದ ಹಾಗೆ, ಸಿನಿಮಾ ನೋಡಿದೀರಾ?"

"ನೋಡದೇ ಮಾತಾಡ್ತೀನಾ?"

"ಪರದೇ ಮೇಲೆ ನೋಡಿರ್ತೀರಿ. ಕೈಯಲ್ಲಿ ಹಿಡ್ಕೊಂಡು ನೋಡಿದೀರಾ?"

ಜೇಬಿನಿಂದ ಗೇಣುದ್ದದ ಒಂದು ಪಟ್ಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಒಂದರ ಕೆಳಗೊಂದು ಪುಟ್ಟ ಪುಟ್ಟ ಚೌಕ. ಪ್ರತಿಯೊಂದರಲ್ಲೂ ಹುಲ್ಲಿನ ಎಸಳಿನಂಥ ಒಂದೇ ಗೆರೆ. ಮೇಲಿನದಕ್ಕಿಂತ ಕೆಳಗಿನದು ಇಷ್ಟೇ ಇಷ್ಟು ಬಾಗಿದೆ. "ಇದರಲ್ಲಿ ಕೇಡು ಎಲ್ಲಿದೆ ತೋರಿಸಿ" ಎಂದರು. ಇದು ಸಿನಿಮಾ ಅಲ್ಲ, ಇದರಲ್ಲಿ ಕಥೆಯೇ ಇಲ್ಲ ಎಂದೆ. "ಹಾಗಾದ್ರೆ ನಿಮ್ಮ ಜಗಳ ಕಥೆ ಜೊತೆ. ಪಾಪ ಸಿನಿಮಾನ ಯಾಕೆ ಬೈದಿರಿ?" ಎಂದು ಪಟ್ಟಿಯನ್ನು ಸುತ್ತಿ ಜೇಬಿಗಿಟ್ಟುಕೊಂಡು ಹೊರಟೇಬಿಟ್ಟರು. ನಾನು ಹಿಂದೆಯೇ ಹೋದೆ. ಸೋತ ವಾದದ ಹಿಂದೆ ಹೋಗುವುದು ನನ್ನ ಸ್ವಭಾವ.

ಆಮೇಲೆ ಎಷ್ಟೋ ಭಾನುವಾರ ಅವರ ಕ್ವಾರ್ಟರ್ಸಿನ ಮನೆಯಲ್ಲಿ ಕಳೆದೆ. ಅವರ ಕಸುಬಿನ ರೀತಿ ಹೀಗಿತ್ತು. ಟೆಂಟ್ ಸಿನಿಮಾದ ಆಪರೇಟರು ಹರಿದ ಫಿಲ್ಮಿನ ತುಂಡುಗಳನ್ನು ಕತ್ತರಿಸಿ ಬಿಸಾಡುತ್ತಿದ್ದ. ಅವನ್ನು ತಂದು ಬಟ್ಟೆ ಸೋಡ ಹಾಕಿದ ಬಿಸಿನೀರಿನಲ್ಲಿ ನೆನೆಸಿಟ್ಟರೆ ಅದರ ಮೇಲಿದ್ದ ರಾಜ, ರಾಣಿ, ರಾಕ್ಷಸರೆಲ್ಲ ಕರಗಿಹೋಗಿ ಪಟ್ಟಿ ಗಾಜಿನಂತೆ ತಿಳಿಯಾಗುತ್ತಿತ್ತು. ಒಣಗಿಸಿ, ಅಂಟಿಸಿ, ಉದ್ದಕ್ಕೂ ಕಪ್ಪು ಮಸಿ ಬಳಿಯುತ್ತಿದ್ದರು. ಆ ಕಪ್ಪನ್ನು ಕಂಪಾಸಿನ ಮೊನೆಯಿಂದ ಚೌಕ ಚೌಕವಾಗಿ ಕೆರೆದು, ಕೆರೆದಲ್ಲಿ ಕೆಂಪು, ಹಳದಿ ಮಸಿ ತುಂಬುತ್ತಿದ್ದರು. ಚೌಕಾಬಾರದ ಹಲಗೆಯ ಹಾಗೆ ಅವರು ಆ ಚೌಕವನ್ನು 'ಮನೆ' ಎನ್ನುತ್ತಿದ್ದರು. ಪರದೆಯ ಮೇಲೆ ಒಂದು ಸೆಕೆಂಡು ಕಾಣಬೇಕಾದರೆ ಇಪ್ಪತ್ತನಾಲ್ಕು ಮನೆ ತುಂಬಬೇಕು. ಒಂದು ಭಾನುವಾರ ಪೂರ್ತಿ ಬೆನ್ನು ಬಗ್ಗಿಸಿ ಕೂತರೆ ನಾವು ಕಣ್ಣು ಪಿಳುಕಿಸುವಷ್ಟು ಕೆಲಸವಾಗುತ್ತಿತ್ತು.

ಈಗ ಮೊದಲನೆಯ ಸಾಕ್ಷ್ಯ. ಪಟ್ಟಿಯ ಕೆಳಗಿಂದ ಬೆಳಕು ಬರಬೇಕಿತ್ತಲ್ಲ, ಅದಕ್ಕೆ ಒಂದು ಗಾಜು ಬೇಕಿತ್ತು. ಆ ಗಾಜು ಬಂದದ್ದು ದೇವರ ಗೂಡಿನ ಲಕ್ಷ್ಮಿಯ ಪಟದಿಂದ. ಅದನ್ನು ಎರಡು ಸ್ಟೂಲಿನ ನಡುವೆ ಇಟ್ಟು, ಕೆಳಗೆ ಕ್ಷೌರದ ಕನ್ನಡಿ ಒರಗಿಸಿ, ಬಾಗಿಲ ಬಿಸಿಲನ್ನು ಮೇಲಕ್ಕೆ ತಿರುಗಿಸಿಕೊಂಡಿದ್ದರು. ಅವರ ಹೆಂಡತಿ ಈ ವಿಷಯವನ್ನು ನನ್ನ ಮುಂದೆ ನ್ಯಾಯಕ್ಕಿಟ್ಟರು.

"ನೀವೇ ಹೇಳಿಯಪ್ಪ, ಓದಿದೋರು. ಲಕ್ಷ್ಮಿ ಮೇಲೆ ಧೂಳು ಕೂತಿದೆ. ಗಾಜು ಕೊಡಿ ಅಂದ್ರೆ ಇವರು ಏನಂತಾರೆ ಗೊತ್ತಾ?"

"ಏನಂದೆ ನಾನು? ಗೂಡಲ್ಲಿ ಮಳೆ ಬರುತ್ತಾ ಅಂತ ಕೇಳಿದೆ, ಅಷ್ಟೇ."

"ನೋಡಿದ್ರಾ?"

"ಅವಳಿಗೆ ಗಾಳಿ ಆಡಲಿ ಬಿಡೇ."

ಆಕೆ ನಕ್ಕುಬಿಟ್ಟರು. ಕನಸಿನಲ್ಲಿ ಜ್ಯೋತಿ ಕಾಣುವ ಭಕ್ತರು ಲಕ್ಷ್ಮಿಯ ಗಾಜು ಕಿತ್ತು ಸ್ಟೂಲಿಗೆ ಹಾಕುತ್ತಾರೆಯೇ? ಸಭೆಯಲ್ಲಿ ಮಾತಾಡಿದವರು ಉತ್ತರಿಸಲಿ.

ಆ ಹೆಂಗಸಿನ ತಾಳ್ಮೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಸಿನಿಮಾ ಪಟ್ಟಿ ಬೆಂಕಿಯ ಹತ್ತಿರ ಬಂದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಅದಕ್ಕಾಗಿ ಆಕೆ ಒಲೆಯನ್ನೇ ಹಿತ್ತಿಲಿನ ಚಪ್ಪರಕ್ಕೆ ಸಾಗಿಸಿದ್ದರು. ತೊಳೆದ ಪಟ್ಟಿ ಒಣಗುತ್ತಿದ್ದುದು ಆಕೆಯ ಶಾವಿಗೆಯ ಪಕ್ಕದಲ್ಲೇ, ಒಂದೇ ದಾರದ ಮೇಲೆ. ಪಕ್ಕದ ಮನೆಯ ತಮಿಳು ಮಾಮಿ ಬಂದು ಮುಟ್ಟಿ ನೋಡಿ, "ಇದು ಯಾವ ಊರು ಶಾವಿಗೆ?" ಎಂದು ಕೇಳಿದರಂತೆ. "ಇದು ನಮ್ಮನೆಯವರ ಶಾವಿಗೆ ಮಾಮಿ, ಬೇಯೋದಿಲ್ಲ" ಎಂದು ಈಕೆ ಹೇಳಿದರಂತೆ.

ಆಕೆಯ ಯಜಮಾನರ ನೋಟವೇ ವಿಚಿತ್ರ. ಮುಖ ನೋಡುತ್ತಿರಲಿಲ್ಲ, ಚಲನೆ ನೋಡುತ್ತಿದ್ದರು. ನನ್ನ ಹೆಸರು ಎರಡು ಸಲ ಮರೆತವರು, ರೈಲ್ವೆ ಸ್ಟೇಷನ್ನಿನ ಆ ತುದಿಯಿಂದ ನಾನು ಬರುವುದನ್ನು ನಡಿಗೆಯಲ್ಲೇ ಗುರುತು ಹಿಡಿಯುತ್ತಿದ್ದರು. ಶಿವಮೊಗ್ಗದ ಪೇಟೆಯ ಹೋಟೆಲಿನಲ್ಲಿ ಒಮ್ಮೆ ಕಾಫಿ ಆರಿಸುತ್ತಿದ್ದ ಮಾಣಿಯನ್ನು ತಡೆದು, "ಇನ್ನೊಂದು ಸಲ ಎತ್ತಿ ಹುಯ್ಯಯ್ಯ" ಎಂದರು. ಹೊಯ್ದ. "ಇನ್ನೂ ಸ್ವಲ್ಪ ಮೇಲಿಂದ." ಮತ್ತೆ ಹೊಯ್ದ. "ಆರಿಹೋಗುತ್ತೆ ಸಾರ್" ಎಂದ. "ಆರಲಿ, ಕುಡಿಯೋನು ನಾನು ತಾನೆ?" ಎಂದು ಮತ್ತೂ ಹೊಯ್ಸಿದರು. ಪಕ್ಕದ ಮೇಜಿನವರು ನಗುತ್ತಿದ್ದರು. ಅವರು ನನ್ನ ಕಡೆ ಬಗ್ಗಿ, "ನೋಡಿದ್ಯಾ ಮಾರಾಯ, ಅದು ನೆಟ್ಟಗೆ ಬೀಳೋದಿಲ್ಲ. ಜಡೆ ಹಾಕ್ಕೊಂಡು ಬೀಳುತ್ತೆ" ಎಂದರು. ಅಷ್ಟು ಹೊತ್ತಿಗೆ 'ವಕೀಲರೇ, ನೀವು' ಹೋಗಿ 'ಮಾರಾಯ, ನೀನು' ಬಂದಿತ್ತು. ಆರಿದ ಕಾಫಿಯನ್ನು ಮಾತ್ರ ಅವರು ಕುಡಿಯಲಿಲ್ಲ, ನನ್ನ ಮುಂದಕ್ಕೆ ತಳ್ಳಿದರು.

ಇದಕ್ಕೆಲ್ಲ ಅರ್ಥವೇನು ಎಂದು ನಾನು ಪೀಡಿಸುತ್ತಿದ್ದೆ. ಹುಲ್ಲು ಬಾಗುತ್ತದೆ, ಚುಕ್ಕೆ ಉಬ್ಬುತ್ತದೆ, ಗೆರೆ ಸೀಳುತ್ತದೆ, ಸರಿ. ತಾತ್ಪರ್ಯ?

"ನಿಮ್ಮ ತಾಯಿ ಬೆಳಗ್ಗೆ ಬಾಗಿಲಲ್ಲಿ ರಂಗೋಲಿ ಹಾಕ್ತಾರಲ್ಲ. ತಾತ್ಪರ್ಯ ಏನು ಅಂತ ಕೇಳಿದೀಯಾ?"

"ರಂಗೋಲಿ ಸುಮ್ಮನೆ ಬಿದ್ದಿರುತ್ತೆ ಸಾರ್. ನಿಮ್ಮದು ಓಡಾಡುತ್ತೆ. ಓಡಾಡೋದು ಎಲ್ಲಿಗೋ ಹೋಗಬೇಕಲ್ಲ?"

"ಹೊಳೆ ಎಲ್ಲಿಗೆ ಹೋಗುತ್ತೆ ಅಂತ ತಿಳ್ಕೊಂಡ ಮೇಲೇ ನೀನು ಸೇತುವೆ ಮೇಲೆ ನಿಂತು ನೋಡ್ತೀಯಾ?"

ನಾನು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ತುಂಗೆಯ ಸೇತುವೆ ದಾಟುವಾಗ ಆಮೇಲಾಮೇಲೆ ನಿಂತದ್ದುಂಟು.

ಹೊಗಳಿಕೆಯಷ್ಟೇ ಬರೆದರೆ ನಾನೂ ಸಂತಾಪ ಸಭೆಯವರ ಸಾಲಿಗೆ ಸೇರುತ್ತೇನೆ. ಅವರಿಗೆ ಜಂಬ ಇತ್ತು. ಬೇರೆಯವರ ಸಿನಿಮಾ ಅವರ ಕಣ್ಣಿಗೆ ಹತ್ತುತ್ತಲೇ ಇರಲಿಲ್ಲ. ಪೌರಾಣಿಕ ಚಿತ್ರ ನೋಡಿ ಬಂದು, "ದೇವರು ಬಂದು ನಿಂತ ಮೇಲೆ ಒಬ್ಬರೂ ಅಲ್ಲಾಡೋಲ್ಲ. ಅಲ್ಲಾಡದೇ ಇರೋದಕ್ಕೆ ಅಷ್ಟು ಫಿಲ್ಮು ಯಾಕೆ ದಂಡ?" ಎನ್ನುತ್ತಿದ್ದರು. ಕಣ್ಣು ಉರಿದು ನೀರು ಸುರಿಯುತ್ತಿದ್ದರೂ ಹೆಂಡತಿ ಹೇಳಿದರೆ ಕೇಳುತ್ತಿರಲಿಲ್ಲ, ಡಾಕ್ಟರು ಹೇಳಿದರೆ ಅವರನ್ನೇ ಬದಲಾಯಿಸುತ್ತಿದ್ದರು. ಫಿಲ್ಮಿನ ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳ ಒಂದು ಪಟ್ಟಿ ಇರುತ್ತದೆ, ಶಬ್ದ ಹುಟ್ಟುವುದು ಅದರಿಂದ ಎಂದು ಆಪರೇಟರು ಒಮ್ಮೆ ಬಾಯಿತಪ್ಪಿ ಹೇಳಿದ. ಮುಗಿಯಿತು. ನಕ್ಷೆ ಬರೆಯುವ ಪೆನ್ನು ಹಿಡಿದು ಅಲ್ಲೂ ಗೆರೆ ಎಳೆಯತೊಡಗಿದರು. ಗೆರೆ ಒತ್ತೊತ್ತಾದರೆ ಕೀರಲು, ದೂರ ದೂರವಾದರೆ ಗಡಸು. ಅವರು ಬರೆದ ಮೊದಲ ಶಬ್ದ ಎಮ್ಮೆ ಕೆಮ್ಮಿದ ಹಾಗಿತ್ತು. ಯಂತ್ರ ಕೆಟ್ಟಿತೆಂದು ಆಪರೇಟರು ಹೌಹಾರಿದ. ಇವರು ಹೆಣ್ಣು ನೋಡಿ ಒಪ್ಪಿ ಬಂದವರ ಹಾಗೆ ಮನೆಗೆ ಬಂದರು.

ಇನ್ನು ಆ ರೀಲು. ಕಾರ್ಖಾನೆಯಲ್ಲಿ ಕುಲುಮೆಯ ಬಾಯಿ ತೆರೆದು ಕಾದ ಕಬ್ಬಿಣವನ್ನು ಕಾಲುವೆಗೆ ಬಿಡುವ ಹೊತ್ತು ಇದೆಯಲ್ಲ, ಅದನ್ನು ಅವರು ಎರಡು ಮಳೆಗಾಲ ಕೂತು ಬಿಡಿಸಿದರು. ಮೊದಲು ಕತ್ತಲೆ. ಒಂದು ಕೆಂಪು ಚುಕ್ಕೆ. ಅದು ಉಸಿರಾಡುತ್ತ ದುಂಡಗಾಗಿ ದೊಡ್ಡದಾಗುತ್ತದೆ. ಒಡೆಯುತ್ತದೆ. ಜಡೆ ಹಾಕಿಕೊಂಡು ಸುರಿಯುತ್ತದೆ, ಹರಿಯುತ್ತದೆ, ಕವಲಾಗುತ್ತದೆ, ಕಂದುತ್ತ ಕಂದುತ್ತ ಮತ್ತೆ ಕತ್ತಲೆ. ಜೊತೆಗೆ ಕುಲುಮೆಗೆ ಗಾಳಿ ಊದುವ ಯಂತ್ರದ ಗುಂಯ್‌ಗುಡುವಿಕೆ. ಅದೂ ಅವರು ಗೆರೆ ಎಳೆದು ಹುಟ್ಟಿಸಿದ್ದೇ. ಮನುಷ್ಯರಿಲ್ಲ, ಕಥೆಯಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಚಿತ್ರ.

ಟೆಂಟಿನ ಸಾಹುಕಾರರಿಗೆ ಅವರು ಮೊದಲಿನಿಂದ ಗಾಜಿನ ಸ್ಲೈಡುಗಳನ್ನು ಬರೆದುಕೊಡುತ್ತಿದ್ದರು. 'ಗಲಾಟೆ ಮಾಡಬೇಡಿ', 'ವಿರಾಮ', ಮತ್ತು ಆಟದ ಮೊದಲು ಬೀಳುವ ಗಣಪತಿ. ಗಣಪತಿ ಬರೆದವರು ಭಕ್ತರಲ್ಲವೇ ಎಂದು ಎದುರು ಪಕ್ಷದವರು ಕೇಳಬಹುದು. 'ವಿರಾಮ' ಬರೆದವರು ವಿರಾಮದ ಭಕ್ತರೇ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಸ್ಲೈಡು ಬರೆದುಕೊಟ್ಟದ್ದು ಹರಿದ ಫಿಲ್ಮಿನ ಆಸೆಗೆ.

ಶಿವಮೊಗ್ಗದಲ್ಲಿ ಟೆಂಟು ಹಾಕಿದ್ದಾಗ ಸಾಹುಕಾರರು ಒಂದು ದಿನ ಈ ರೀಲು ಹಾಕಲು ಒಪ್ಪಿದರು. ಜನರ ಕಣ್ಣು ದಣಿಯುವ ಮೊದಲೇ ಬೀಳಬೇಕು, ಅದರ ಹಿಂದೆ ಮುಂದೆ ಏನೂ ಇರಕೂಡದು ಎಂಬುದು ಇವರ ಹಟ. ಹೀಗಾಗಿ ಆ ದಿನ ಗಣಪತಿಯ ಜಾಗದಲ್ಲಿ ರೀಲು ಬಿತ್ತು. ಎಡವಟ್ಟಾದದ್ದು ಅಲ್ಲೇ. ನಮ್ಮ ಟೆಂಟುಗಳ ಪದ್ಧತಿ ಗೊತ್ತಲ್ಲ: ಮೊದಲು ದೇವರು ಬರುತ್ತಾನೆ, ಕೆಲಸದವನು ಪರದೆಗೆ ಕರ್ಪೂರ ಬೆಳಗುತ್ತಾನೆ, ಆಮೇಲೆ ಆಟ. ನೆಲದ ಮೇಲೆ ಕೂತ ಜನ ದೇವರಿಗಾಗಿ ಕಾಯುತ್ತಿದ್ದಾರೆ. ಕತ್ತಲಲ್ಲಿ ಒಂದು ಕೆಂಪು ಬೆಳಕು ಹುಟ್ಟಿತು. ಶಂಖದ ಹಾಗೆ ಮೊಳಗು. ಬೆಳಕು ದೊಡ್ಡದಾಗುತ್ತ ಹೋಯಿತು. ಹೆಂಗಸರ ಕಡೆಯಿಂದ ಯಾರೋ "ಜ್ಯೋತಿ, ಜ್ಯೋತಿ" ಎಂದರು. ಒಬ್ಬ ಎದ್ದ, ಹತ್ತು ಜನ ಎದ್ದರು, ಇಡೀ ಟೆಂಟು ಎದ್ದು ಕೈ ಮುಗಿಯಿತು. ಕೆಲಸದವನು ಕರ್ಪೂರ ಹಚ್ಚಿ ಕಾದ ಕಬ್ಬಿಣಕ್ಕೆ ಮಂಗಳಾರತಿ ಎತ್ತಿದ.

ನನಗೆ ಮೈ ಉರಿಯಿತು. ಎದ್ದು ನಿಂತು, ಇದು ದೇವರಲ್ಲ, ಭದ್ರಾವತಿಯ ಕಬ್ಬಿಣ ಎಂದು ಕೂಗಬೇಕೆಂದಿದ್ದೆ. ಅವರು ನನ್ನ ಅಂಗಿ ಹಿಡಿದು ಎಳೆದರು. "ಕೂತ್ಕೊ ಮಾರಾಯ. ಹಿಂದಿನೋರಿಗೆ ಕಾಣಲ್ಲ."

ಸಾಹುಕಾರರಿಗೆ ಆನಂದ. ಈ ರೀಲು ದಿನಾ ಬೇಕು, ಎಲ್ಲ ಊರಿಗೂ ಬೇಕು ಎಂದರು. ಕೊಡಕೂಡದು ಎಂದು ನಾನು ಮುಂದಿನ ಭಾನುವಾರ ಭದ್ರಾವತಿಗೆ ಹೋಗಿ ವಾದ ಹೂಡಿದೆ.

"ಅವರು ನೋಡಿದ್ದೇ ಬೇರೆ ಸಾರ್, ನೀವು ಬಿಡಿಸಿದ್ದೇ ಬೇರೆ."

"ಕೈ ಮುಗಿದ್ರು, ನಿಜ. ಕಣ್ಣು ಮುಚ್ಚಿದ್ರಾ?"

"ಅದನ್ನ ಯಾರು ನೋಡಿದ್ರು?"

"ನಾನು ನೋಡಿದೆ. ಪರದೆ ಕಡೆ ತಿರುಗಲೇ ಇಲ್ಲ, ಅವರನ್ನೇ ನೋಡ್ತಾ ಇದ್ದೆ. ಗುಡೀಲಿ ಮಂಗಳಾರತಿ ಆಗೋವಾಗ ಅರ್ಧ ಜನ ಕಣ್ಣು ಮುಚ್ಚಿರ್ತಾರೆ. ಇಲ್ಲಿ ಒಬ್ಬರೂ ಮುಚ್ಚಲಿಲ್ಲ. ನನಗೆ ಅಷ್ಟು ಸಾಕು."

"ಕಾದ ಕಬ್ಬಿಣ ಅಂತ ತಿಳೀಲೇ ಇಲ್ವಲ್ಲ ಅವರಿಗೆ?"

"ಕಾದ ಕಬ್ಬಿಣ ಕಾರ್ಖಾನೇಲಿ ಬೇಕಾದಷ್ಟಿದೆ. ಅದನ್ನ ತಿಳಿಸೋಕೆ ನಾನು ಕಣ್ಣು ಕಳ್ಕೋಬೇಕಾಗಿತ್ತಾ?"

ಸರಿ, ಇದಕ್ಕೆ ಏನೆನ್ನುತ್ತೀರಿ ಎಂದು ನನ್ನ ಗಟ್ಟಿ ಅಸ್ತ್ರ ತೆಗೆದೆ. ಇರುವುದು ಒಂದೇ ಪ್ರತಿ. ಯಂತ್ರದೊಳಗೆ ಹೋದ ಪ್ರತಿ ಸಲವೂ ಮಸಿ ಒಂದಿಷ್ಟು ಉದುರುತ್ತದೆ. ದಿನಾ ಎರಡು ಆಟ ಓಡಿಸಿದರೆ ವರ್ಷದಲ್ಲಿ ಏನೂ ಉಳಿಯುವುದಿಲ್ಲ. ಎರಡು ಮಳೆಗಾಲದ ಕೆಲಸ. ಅವರು ಕಂಪಾಸಿನ ಮೊನೆಯನ್ನು ಅಂಗಿಯ ತೋಳಿಗೆ ಒರೆಸಿಕೊಂಡರು. ಆಮೇಲೆ, "ಉದುರಲಿ. ವಾಪಸ್ ತರಲಿ, ಕೂತು ಕೆರೀತೀನಿ. ಡಬ್ಬಿಯೊಳಗೆ ಇದ್ರೆ ಅದು ಬರೀ ಮಸಿ ಮೆತ್ತಿದ ಪಟ್ಟಿ, ಮಾರಾಯ" ಎಂದರು.

ಕೊಟ್ಟೇ ಕೊಟ್ಟರು. ತೀರ್ಥಹಳ್ಳಿ, ಸಾಗರ, ಹೊಳಲೂರಿನ ಕಡೆ, ಎಲ್ಲೆಲ್ಲೋ ಓಡಿತು. ಸವೆದಾಗ ಡಬ್ಬಿ ಭದ್ರಾವತಿಗೆ ಬರುತ್ತಿತ್ತು. "ಬಂದಳಪ್ಪ ಮಗಳು ತೌರಿಗೆ, ಎಷ್ಟು ಸೊರಗಿದಾಳೆ ನೋಡಿ" ಎಂದು ಅವರ ಹೆಂಡತಿ ಡಬ್ಬಿ ಇಸಿದುಕೊಳ್ಳುತ್ತಿದ್ದರು. ಇವರು ಉದುರಿದ ಮನೆಗಳನ್ನು ಮತ್ತೆ ತುಂಬುತ್ತಿದ್ದರು. ಹಳೆಯದರ ಹಾಗೆಯೇ ತುಂಬುತ್ತಿರಲಿಲ್ಲ ಎಂಬುದನ್ನು ನಾನು ಮೂರನೆಯ ಸಲ ನೋಡಿದಾಗ ಪತ್ತೆ ಹಚ್ಚಿದೆ. ಒಂದು ಕವಲು ಹೆಚ್ಚಾಗಿತ್ತು. ಕಂದುವ ಜಾಗದಲ್ಲಿ ನೀಲಿಯೊಂದು ಸೇರಿತ್ತು. ಕೇಳಿದರೆ, "ಮೊದಲು ಬಿಡಿಸೋವಾಗ ನನಗೆ ಗೊತ್ತಿರಲಿಲ್ಲ" ಎಂದರು.

ನನ್ನ ಕಡೆಯ ಬಲವಾದ ಸಾಕ್ಷ್ಯ ಟೆಂಟು ಭದ್ರಾವತಿಗೆ ಬಂದಾಗ ಸಿಕ್ಕಿತು. ಅಲ್ಲಿ ನೆಲದ ಮೇಲೆ ಕೂತವರು ಕುಲುಮೆಯಲ್ಲಿ ದುಡಿಯುವ ಜನ. ಕೆಂಪು ಗುಂಡು ಒಡೆದು ಸುರಿಯುತ್ತಿದ್ದಂತೆ ಮುಂದಿನ ಸಾಲಿನವನೊಬ್ಬ ತಟಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡ. ಪಕ್ಕದವನು, "ಲೇ, ಇವತ್ತು ನಿನಗೆ ರಜ ಕಣೋ" ಎಂದ. ಇಡೀ ಸಾಲು ನಕ್ಕಿತು. ನೋಡಿ, ಇವರಿಗೆ ತಿಳಿಯಿತು ಎಂದು ನಾನು ಅವರ ಪಕ್ಕೆ ತಿವಿದೆ. ಅಷ್ಟರಲ್ಲಿ ಕಾಲು ಎಳೆದುಕೊಂಡವನೇ ಎದ್ದು ನಿಂತು ಕೈ ಮುಗಿದ. ಆಯುಧಪೂಜೆಯ ದಿನ ಕುಲುಮೆಗೂ ಹಾಗೇ ಮುಗಿಯುತ್ತಾನಂತೆ. ಇದು ನನ್ನ ವಾದಕ್ಕೆ ಅನುಕೂಲವಾದ ಸಂಗತಿಯಲ್ಲ, ಆದರೂ ನಡೆದದ್ದನ್ನು ಬರೆದಿದ್ದೇನೆ. ಆ ದಿನ ಅವರ ಮುಖದಲ್ಲಿ ಕಂಡಷ್ಟು ಸುಖವನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ.

ಈ ಸಲ ಮಳೆ ಹಿಂದಾಗುವ ಹೊತ್ತಿಗೆ ವಿಷಮಶೀತ ಜ್ವರ ಬಂದು ಅವರು ಹೋಗಿಬಿಟ್ಟರು. ರೀಲು ಆಗ ಊರೂರು ತಿರುಗುತ್ತಿತ್ತು; ಸಭೆಯ ಹೊತ್ತಿಗೆ ಟೆಂಟು ಮತ್ತೆ ಭದ್ರಾವತಿಗೆ ಬಂದಿತ್ತು.

ಸಂತಾಪ ಸಭೆ ಮುಗಿದು ಜನ ಹೊರಡುತ್ತಿದ್ದಾಗ ಬಾಗಿಲಲ್ಲಿ ಸಾಹುಕಾರರನ್ನು ಹಿಡಿದೆ. ಆಗಲೇ ಕುಂಕುಮ ಹಚ್ಚಿದ್ದ ಡಬ್ಬಿ ಅವರ ಕೈಯಲ್ಲೇ ಇತ್ತು. ಮೇಲೆ ಬರೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಲಕ್ಷ್ಮಿಯ ಗಾಜು, ಎಮ್ಮೆಯ ಕೆಮ್ಮು, ಅಲ್ಲಾಡದ ದೇವರು. ಅವರು ಸಮಾಧಾನದಿಂದ ಕೇಳಿದರು.

"ಆಯ್ತು ಸ್ವಾಮಿ, ಭಕ್ತರಲ್ಲ, ಒಪ್ಪಿದೆ. ಈಗ ನೀವು ಇದನ್ನ ನೋಡಿ" ಎಂದು ಡಬ್ಬಿ ತೆರೆದರು. ಪಟ್ಟಿಯ ಅಂಚು ಹಲ್ಲು ಹಲ್ಲಾಗಿ ಕಿತ್ತುಹೋಗಿತ್ತು. ಬೆರಳು ತಾಗಿದಲ್ಲಿ ಮಸಿಯ ಹೊಟ್ಟು ಎದ್ದಿತು. "ಹೋದ ವಾರ ಎರಡು ಸಲ ತುಂಡಾಯ್ತು. ಇನ್ನೊಂದು ಸಲ ಯಂತ್ರಕ್ಕೆ ಏರಿಸಿದ್ರೆ ಆ ಕಡೆ ಏನು ಬರುತ್ತೋ ನಾನು ಹೇಳಲಾರೆ. ಮುಂಚೆ ಆಗಿದ್ರೆ ಅವರು ಕೂತು ಸರಿ ಮಾಡೋರು. ಈಗ ಯಾರು ಮಾಡ್ತಾರೆ? ನಾನು ಗೂಡಲ್ಲಿ ಇಡ್ತೀನಿ ಅಂದದ್ದು ಭಕ್ತಿಗಷ್ಟೇ ಅಂದ್ಕೊಂಡ್ರಾ?"

ಯಾವ ಪಕ್ಷ ಕೊಟ್ಟರೂ ಮಾತಾಡಬಲ್ಲೆ ಎಂದು ಹೆಸರಾದವನು ನಾನು. ಆ ಬಾಗಿಲಲ್ಲಿ ಎರಡೂ ಪಕ್ಷ ನನ್ನವೇ ಆಗಿಬಿಟ್ಟವು. ಓಡಿಸಿದರೆ ಅದು ಒಂದೇ ಸಲ, ಆಮೇಲೆ ಇಲ್ಲ. ಇಟ್ಟರೆ ಇರುತ್ತದೆ, ಯಾರಿಗೂ ಕಾಣದೆ. ಅವರಿದ್ದಿದ್ದರೆ ಏನು ಹೇಳುತ್ತಿದ್ದರೆಂದು ನನಗೆ ಗೊತ್ತು. ಆದರೆ ಅವರು ಹಾಗೆ ಹೇಳುತ್ತಿದ್ದುದು ಕೈಯಲ್ಲಿ ಕಂಪಾಸು ಇದ್ದಾಗ.

ಅವರ ಹೆಂಡತಿ ಗೋಡೆಯ ಬಳಿ ಪಕ್ಕದ ಮನೆಯ ಮಾಮಿಯ ಜೊತೆ ನಿಂತಿದ್ದರು. ಸಾಹುಕಾರರು ಹೋಗಿ, ಇದು ನಿಮ್ಮ ಮನೇದು, ನೀವೇ ತೀರ್ಮಾನಿಸಿ ಎಂದು ಡಬ್ಬಿಯನ್ನು ಆಕೆಯ ಕೈಗೆ ಕೊಟ್ಟರು. ಆಕೆ ಮುಚ್ಚಳ ಮುಚ್ಚಿ, ಎದೆಗೆ ಅವಚಿಕೊಂಡು, ಸೆರಗಿನ ತುದಿಯಿಂದ ಅದರ ಮೇಲಿನ ಕುಂಕುಮ ಒರೆಸಿದರು. ಒರೆಸಿದ್ದು ಡಬ್ಬಿ ಕೊಳೆಯಾಗಿದೆ ಎಂದೋ, ಪೂಜೆ ಬೇಡವೆಂದೋ ನನಗೆ ತಿಳಿಯಲಿಲ್ಲ. ಊಹಿಸುವ ಬದಲು ಕೇಳಿಯೇಬಿಟ್ಟೆ.

"ಅಮ್ಮಾ, ಟೆಂಟು ಇನ್ನೂ ಇಲ್ಲೇ ಇದೆ, ಇವತ್ತು ಸಂಜೆ ಆಟವೂ ಇದೆ. ನೀವು ಹೇಳಿ, ಹರಿದು ಹೋದ್ರೂ ಹೋಗಲಿ ಅಂತ ಒಂದು ಸಲ ಓಡಿಸೋಣವಾ?"